ಬಟರ್ ಎಸೆನ್ಸ್: ತಿನ್ನುವವರಿಗೆ ಅಪಾಯವೋ, ಬೆರೆಸುವವರಿಗೋ?

ಪ್ರಶ್ನೆ: ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಮುಂಬಯಿಯ ಸಾಕಿನಾಕಾದಲ್ಲಿ ಬೇಕರಿ ನಡೆಸುತ್ತಾರೆ. ಪಾವ್, ಖಾರಿ, ನಾನ್‌ಖಟಾಯಿ ಅವರ ಹಳೆಯ ವ್ಯಾಪಾರ. ಈಚಿನ ವರ್ಷಗಳಲ್ಲಿ ಬಟರ್ ಕುಕೀಸ್ ಹಾಗೂ ಪೊಟ್ಟಣದ ಬಟರ್ ಪಾಪ್‌ಕಾರ್ನ್ ತಯಾರಿಸಿ ಸುತ್ತಲಿನ ಅಂಗಡಿಗಳಿಗೂ ಕೊಡುತ್ತಿದ್ದಾರೆ. ನಿಜವಾದ ಬೆಣ್ಣೆ ಹಾಕಿದರೆ ಆ ಬೆಲೆಗೆ ಮಾರಲು ಸಾಧ್ಯವಿಲ್ಲವಾದ್ದರಿಂದ ಮಾರ್ಗರಿನ್ ಅಥವಾ ತಾಳೆಯೆಣ್ಣೆ ಬಳಸಿ, ಪರಿಮಳಕ್ಕೆ ಬಟರ್ ಎಸೆನ್ಸ್ ಸೇರಿಸುತ್ತಾರೆ.

ಬಟರ್ ಎಸೆನ್ಸ್ ತಿಂದರೆ ಶ್ವಾಸಕೋಶ ಹಾಳಾಗುತ್ತದೆ, ಮರೆವಿನ ಕಾಯಿಲೆ ಬರುತ್ತದೆ ಎಂಬ ಸಂದೇಶವೊಂದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದಿದೆ. ಅಂಗಡಿಗಳಲ್ಲಿ ಮಾರಲು ಅನುಮತಿಯಿರುವ ಆಹಾರ ಪದಾರ್ಥ ಅದು, ಹೆದರುವುದೇಕೆ ಎಂದು ಮಾವ ಕೇಳುತ್ತಾರೆ. ನನ್ನ ಚಿಂತೆ ಬೇರೆ. ಬೇಕರಿಯ ಹಿಂಬದಿಯಲ್ಲಿ ಕಿಟಕಿಯಿಲ್ಲದ ಚಿಕ್ಕ ಕೋಣೆಯೊಂದಿದೆ. ಅಲ್ಲಿ ಪಾಪ್‌ಕಾರ್ನಿನ ಎಣ್ಣೆಗೆ ಎಸೆನ್ಸ್ ಬೆರೆಸುವ ಹುಡುಗ, ಕಾದ ಎಣ್ಣೆಯ ಪಾತ್ರೆಯ ಮೇಲೆ ಬಾಗಿ, ಕ್ಯಾನಿನಿಂದ ಲೋಟಕ್ಕೂ ಲೋಟದಿಂದ ಎಣ್ಣೆಗೂ ಸುರಿಯುತ್ತಾನೆ. ಆಗ ಏಳುವ ಆವಿಗೆ ಬಾಗಿಲಲ್ಲಿ ನಿಂತವರ ಕಣ್ಣೂ ಉರಿಯುತ್ತದೆ. ಅವನಿಗೆ ಒಣಕೆಮ್ಮು ಹಿಡಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಬಂದರೂ ಕೆಮ್ಮು ತಗ್ಗಲಿಲ್ಲ. ಹತ್ತಿರದ ದವಾಖಾನೆಯಲ್ಲಿ ಅಸ್ತಮಾ ಇರಬಹುದೆಂದು ಸೇದುವ ಔಷಧ ಕೊಟ್ಟಿದ್ದಾರೆ.

ಈ ಎಸೆನ್ಸಿನಲ್ಲಿ ಏನಿರುತ್ತದೆ? ತಿನ್ನುವುದರಿಂದ ಅಪಾಯವಿದೆಯೇ? ‘ನೈಸರ್ಗಿಕ’ ಎಂದು ಬರೆದ ಎಸೆನ್ಸ್ ತಂದರೆ ಸಮಸ್ಯೆ ಬಗೆಹರಿಯುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಪುಣೆಯಿಂದ, ಆಹಾರ ತಂತ್ರಜ್ಞೆ

ನಮಸ್ಕಾರ. ಪರಿಮಳ ದ್ರವ್ಯಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳಾದ್ದರಿಂದ ರಸಾಯನಶಾಸ್ತ್ರದ ಭಾಗವನ್ನು ನಾನು ಬರೆಯುತ್ತೇನೆ. ಹುಡುಗನ ಆರೋಗ್ಯದ ಬಗ್ಗೆ ವೈದ್ಯರೇ ಹೇಳಬೇಕು.

ಬೆಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣ ಡೈಅಸಿಟೈಲ್ ಎಂಬ ಪುಟ್ಟ ಅಣು. ಇದರ ಇನ್ನೊಂದು ಹೆಸರು 2,3-ಬ್ಯೂಟೇನ್‌ಡೈಓನ್. ನಾಲ್ಕು ಇಂಗಾಲಗಳ ಸರಪಳಿಯಲ್ಲಿ ನಡುವಿನ ಎರಡಕ್ಕೂ ಒಂದೊಂದು ಆಮ್ಲಜನಕ ದ್ವಿಬಂಧದಿಂದ ಸೇರಿಕೊಂಡಿರುತ್ತದೆ. ಹಳದಿ ಛಾಯೆಯ ಈ ದ್ರವ ಸುಮಾರು 88 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನೀರಿಗಿಂತ ಮೊದಲೇ, ಕುದಿಯುತ್ತದೆ. ಕಾದ ಎಣ್ಣೆಗೆ ಸುರಿದ ಕೂಡಲೇ ಅದರ ಒಂದು ಪಾಲು ಆವಿಯಾಗಿ ಏಳುವುದಕ್ಕೆ ಇದೇ ಕಾರಣ. ಎಸೆನ್ಸಿನಲ್ಲಿ ಇದರ ಜೊತೆಗೆ ಅಸಿಟಾಯಿನ್, ಬ್ಯುಟಿರಿಕ್ ಆಮ್ಲ, ಡೆಲ್ಟಾ-ಡೆಕಾಲ್ಯಾಕ್ಟೋನ್ ಮುಂತಾದವೂ, ಇವನ್ನೆಲ್ಲ ಕರಗಿಸಿಡಲು ಪ್ರೊಪಿಲೀನ್ ಗ್ಲೈಕಾಲ್ ಅಥವಾ ಖಾದ್ಯತೈಲವೂ ಇರಬಹುದು. ಪುಡಿಯ ರೂಪದಲ್ಲಿ ಬರುವುದಾದರೆ ಮಾಲ್ಟೋಡೆಕ್ಸ್‌ಟ್ರಿನ್‌ನಂತಹ ಪಿಷ್ಟದ ಪುಡಿಯೇ ಅದಕ್ಕೆ ಆಧಾರ. ಪಾಪ್‌ಕಾರ್ನಿನ ಹಳದಿ ಬಣ್ಣಕ್ಕೂ ಈ ಪರಿಮಳಕ್ಕೂ ಸಂಬಂಧವಿಲ್ಲ, ಬಣ್ಣವನ್ನು ಬೇರೆಯಾಗಿಯೇ ಹಾಕುತ್ತಾರೆ.

ಡೈಅಸಿಟೈಲ್ ಕಾರ್ಖಾನೆಯಲ್ಲಿ ಮಾತ್ರ ಹುಟ್ಟುವ ವಸ್ತುವಲ್ಲ. ಹಾಲಿನಲ್ಲಿರುವ ಸಿಟ್ರೇಟನ್ನು ಲ್ಯಾಕ್ಟೋಕಾಕಸ್, ಲ್ಯೂಕೋನೋಸ್ಟಾಕ್ ಜಾತಿಯ ಬ್ಯಾಕ್ಟೀರಿಯಾಗಳು ಅರಗಿಸಿಕೊಳ್ಳುವಾಗ ಆಲ್ಫಾ-ಅಸಿಟೋಲ್ಯಾಕ್ಟೇಟ್ ಎಂಬ ವಸ್ತು ಉಂಟಾಗುತ್ತದೆ, ಅದು ಆಮ್ಲಜನಕದ ಸಂಪರ್ಕಕ್ಕೆ ಬಂದು ಡೈಅಸಿಟೈಲ್ ಆಗುತ್ತದೆ. ಮೊಸರು ಕಡೆದು ತೆಗೆದ ಬೆಣ್ಣೆಯ ಘಮ ಹಸಿ ಕೆನೆಯಿಂದ ತೆಗೆದ ಬೆಣ್ಣೆಗೆ ಇರದಿರುವುದು ಇದರಿಂದಲೇ. ಮುಂಬಯಿಯ ಹಿರಿಯರು ಪೋಲ್ಸನ್ ಬೆಣ್ಣೆಯನ್ನು ಈಗಲೂ ನೆನೆಯುವುದುಂಟು. ಹುಳಿ ಬರಿಸಿದ ಕೆನೆಯ, ಉಪ್ಪು ಬೆರೆತ ಆ ಬೆಣ್ಣೆಗೆ ಒಗ್ಗಿದ ನಾಲಗೆಗೆ, ಆಣಂದದ ತಾಜಾ ಕೆನೆಯಿಂದ ಮಾಡಿದ ಅಮೂಲ್ ಬೆಣ್ಣೆ ಮೊದಮೊದಲು ಸಪ್ಪೆಯೆನಿಸಿತ್ತು.

‘ನೈಸರ್ಗಿಕ’ ಎಂಬ ಲೇಬಲ್ಲನ್ನು ನೀವು ನೆಚ್ಚಬಾರದು. ಸ್ಟಾರ್ಟರ್ ಡಿಸ್ಟಿಲೇಟ್ ಎಂಬ ಪದಾರ್ಥವಿದೆ: ಕೆನೆ ತೆಗೆದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಹಬೆಯ ಮೂಲಕ ಭಟ್ಟಿ ಇಳಿಸಿದ ದ್ರವ. ಅಮೆರಿಕದ ಆಹಾರ ನಿಯಮಾವಳಿಯ ವಿವರಣೆಯಂತೆ ಅದರಲ್ಲಿ ಶೇ 98ಕ್ಕಿಂತ ಹೆಚ್ಚು ನೀರೇ ಇದ್ದು, ಉಳಿದ ಪರಿಮಳಾಂಶದಲ್ಲಿ ಶೇ 80ರಿಂದ 90ರವರೆಗೂ ಡೈಅಸಿಟೈಲೇ ಇರಬಹುದು. ಮೂಲ ನೈಸರ್ಗಿಕವಾದರೂ ಅಣು ಅದೇ, ಆವಿಯೂ ಅದೇ. ಕಾಫಿ ಬೀಜ ಹುರಿದಾಗ ಯಾರೂ ಬೆರೆಸದೆಯೇ ಡೈಅಸಿಟೈಲ್ ಹುಟ್ಟುತ್ತದೆ. ಪರಿಮಳ ಬೆರೆಸಿದ ಕಾಫಿಯನ್ನೂ ತಯಾರಿಸುತ್ತಿದ್ದ ಅಮೆರಿಕದ ಟೆಕ್ಸಾಸಿನ ಘಟಕವೊಂದರ ಕೆಲಸಗಾರರಲ್ಲಿ ಪಾಪ್‌ಕಾರ್ನ್ ಕಾರ್ಖಾನೆಗಳಲ್ಲಿ ಕಂಡಂತಹದೇ ಶ್ವಾಸಕೋಶದ ಕಾಯಿಲೆ ಪತ್ತೆಯಾಗಿದೆ. ಮಾಟುಂಗಾದಲ್ಲಿ ಹುರಿದ ಬೀಜ ಬೀಸಿ ಕೊಡುವ ಕಾಫಿಪುಡಿ ಅಂಗಡಿಯ ಮುಂದೆ ಹಾದುಹೋಗುವವರಿಗೆ ಇದರಿಂದ ಗಾಬರಿಯಾಗಬೇಕಿಲ್ಲ, ಆದರೆ ದಿನವಿಡೀ ಮುಚ್ಚಿದ ಕೋಣೆಯಲ್ಲಿ ಬೀಸುವವರ ವಿಷಯದಲ್ಲಿ ಗಾಳಿಯಾಡುವಿಕೆ ಮುಖ್ಯ.

ತಿನ್ನುವುದರ ಬಗ್ಗೆ: ಹೊಟ್ಟೆಗೆ ಹೋದ ಡೈಅಸಿಟೈಲನ್ನು ದೇಹದ ಕಿಣ್ವಗಳು, ಮುಖ್ಯವಾಗಿ ಯಕೃತ್ತಿನಲ್ಲಿ, ಅಸಿಟಾಯಿನ್ ಆಗಿಯೂ ಮುಂದೆ ಬ್ಯೂಟೇನ್‌ಡೈಆಲ್ ಆಗಿಯೂ ಮಾರ್ಪಡಿಸುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಆಹಾರದಲ್ಲಿ ಸಾಮಾನ್ಯವಾಗಿ ಸುರಕ್ಷಿತವೆಂದು ಮನ್ನಿಸುವ ಪದಾರ್ಥಗಳ ಸಾಲಿನಲ್ಲಿ ಇಟ್ಟಿದೆ. ನಮ್ಮ ದೇಶದ ಹಿಂದಿನ ಕಲಬೆರಕೆ ತಡೆ ನಿಯಮಗಳು ಬೆಣ್ಣೆಗೆ ಇದನ್ನು ಸೇರಿಸಲು ಅವಕಾಶ ಕೊಟ್ಟು, ಒಟ್ಟು ಪ್ರಮಾಣ 4 ಪಿಪಿಎಂ, ಅಂದರೆ ಕಿಲೋಗ್ರಾಂಗೆ 4 ಮಿಲಿಗ್ರಾಂ ಮೀರಬಾರದೆಂದು ವಿಧಿಸಿದ್ದವು. ಮರೆವಿನ ಕಾಯಿಲೆಯ ಮಾತಿಗೆ ಮೂಲ 2012ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಆಲ್‌ಝೈಮರ್ಸ್ ರೋಗಿಗಳ ಮಿದುಳಿನಲ್ಲಿ ಕಾಣುವ ಬೀಟಾ-ಅಮಿಲಾಯ್ಡ್ ಪ್ರೋಟೀನು ಗಂಟುಕಟ್ಟುವುದನ್ನು ಡೈಅಸಿಟೈಲ್ ಚುರುಕುಗೊಳಿಸುತ್ತದೆ ಎಂದು ಅವರು ಪ್ರಯೋಗಾಲಯದಲ್ಲಿ ಕಂಡರು. ಅದು ಪ್ರನಾಳದಲ್ಲಿ ಮತ್ತು ಜೀವಕೋಶಗಳ ಮೇಲೆ ನಡೆದ ಪ್ರಯೋಗ. ಬಿಸ್ಕತ್ತು ತಿಂದವರಿಗೆ ಮರೆವಿನ ಕಾಯಿಲೆ ಬಂತೆಂದು ಅದು ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ‘ಡೈಅಸಿಟೈಲ್ ಇಲ್ಲ’ ಎಂದು ಮಾರುವ ಎಸೆನ್ಸುಗಳಲ್ಲಿ ಅನೇಕ ವೇಳೆ 2,3-ಪೆಂಟೇನ್‌ಡೈಓನ್ ಇರುತ್ತದೆ. ಅದರ ಸರಪಳಿಯಲ್ಲಿ ಒಂದು ಇಂಗಾಲ ಹೆಚ್ಚು, ಆದರೆ ಎರಡು ಆಮ್ಲಜನಕಗಳ ಜೋಡಣೆ ಹಾಗೆಯೇ ಇದೆ. ಇಲಿಗಳಿಗೆ ಅದರ ಆವಿಯನ್ನು ಉಸಿರಾಡಿಸಿದಾಗ ಶ್ವಾಸನಾಳದ ಒಳಪೊರೆಗೆ ಡೈಅಸಿಟೈಲಿನಿಂದಾಗುವಂತಹದೇ ಹಾನಿಯಾಗಿದೆ. ಮಾವನವರು ಎಸೆನ್ಸ್ ಬದಲಾಯಿಸಿದರೂ ಆ ಕೋಣೆಯನ್ನು ಬದಲಾಯಿಸದೆ ಪ್ರಯೋಜನವಿಲ್ಲ.

ಉತ್ತರ 2: ಮುಂಬಯಿಯಿಂದ, ಶ್ವಾಸಕೋಶ ತಜ್ಞ

ರೋಗಿಯನ್ನು ನೋಡದೆ ಇಲ್ಲಿ ರೋಗನಿರ್ಣಯ ಮಾಡಲಾಗದು, ಮಾಡಲೂಬಾರದು. ಆದರೆ ಕೆಲಸದ ವಿವರ ಮತ್ತು ಲಕ್ಷಣಗಳನ್ನು ಓದಿದ ಮೇಲೆ ತಡಮಾಡಬೇಡಿ ಎಂದು ಹೇಳಲೇಬೇಕಾಗಿದೆ.

2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಹಿಂದೆ ದುಡಿದಿದ್ದ ಎಂಟು ಮಂದಿಯಲ್ಲಿ ಬ್ರಾಂಕಿಯೋಲೈಟಿಸ್ ಆಬ್ಲಿಟರಾನ್ಸ್ ಎಂಬ ಅಪರೂಪದ ಕಾಯಿಲೆಯ ಲಕ್ಷಣಗಳಿರುವುದು ಆರೋಗ್ಯ ಇಲಾಖೆಯ ಗಮನಕ್ಕೆ ಬಂತು. ಅವರಲ್ಲಿ ನಾಲ್ವರ ಹೆಸರು ಶ್ವಾಸಕೋಶದ ಕಸಿಗಾಗಿ ಕಾಯುವವರ ಪಟ್ಟಿ ಸೇರಿತ್ತು. ನಿಯಾಶ್ ಎಂದು ಕರೆಯಲಾಗುವ ಅಲ್ಲಿನ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ತನಿಖೆ ನಡೆಸಿದಾಗ, ಬೆಣ್ಣೆ ಪರಿಮಳದ ಆವಿಗೆ ಹೆಚ್ಚು ಒಡ್ಡಿಕೊಂಡವರ ಶ್ವಾಸಕೋಶದ ಸಾಮರ್ಥ್ಯ ಹೆಚ್ಚು ಕುಸಿದಿರುವುದು ಕಂಡುಬಂತು. ಅತಿ ಹೆಚ್ಚು ಅಪಾಯದಲ್ಲಿದ್ದವರು ಬಿಸಿ ಸೋಯಾ ಎಣ್ಣೆಯ ತೊಟ್ಟಿಗೆ ಪರಿಮಳ ಸುರಿದು ಬೆರೆಸುತ್ತಿದ್ದವರು. ನಿಮ್ಮ ಮಾವನವರ ಹಿಂಬದಿಯ ಕೋಣೆಯಲ್ಲಿ ನಡೆಯುತ್ತಿರುವುದೂ ಇದೇ ಕೆಲಸ. ಆ ಅಧ್ಯಯನದ ವಿವರ 2002ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಪಾಪ್‌ಕಾರ್ನ್ ಲಂಗ್’ ಎಂಬ ಹೆಸರು ಹರಡಿದ್ದು ಆ ಬಳಿಕ.

ಈ ಕಾಯಿಲೆಯಲ್ಲಿ ಹಾನಿಯಾಗುವುದು ಶ್ವಾಸಕೋಶದ ಅತಿ ಚಿಕ್ಕ ನಾಳಗಳಿಗೆ. ಡೈಅಸಿಟೈಲ್ ಅಣು ಪ್ರೋಟೀನುಗಳ ಅರ್ಜಿನಿನ್ ಭಾಗಗಳೊಡನೆ ವರ್ತಿಸಿ ನಾಳದ ಒಳಪೊರೆಯ ಜೀವಕೋಶಗಳನ್ನು ಕೆಡಿಸುತ್ತದೆ. ಆ ಗಾಯ ಮಾಯುವಾಗ ಕಲೆಗಟ್ಟಿದ ಅಂಗಾಂಶ ಬೆಳೆದು ನಾಳವನ್ನು ಕಿರಿದಾಗಿಸುತ್ತದೆ, ಕೆಲವೆಡೆ ಪೂರ್ತಿ ಮುಚ್ಚಿಬಿಡುತ್ತದೆ. ಕಲೆಯನ್ನು ಕರಗಿಸುವ ಔಷಧವಿಲ್ಲ. ಬೇಗ ಗುರುತಿಸಿ ಆವಿಯಿಂದ ದೂರವಿರಿಸಿದರೆ ಅನೇಕರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ನನ್ನ ಒತ್ತಾಯವೆಲ್ಲ ಬೇಗ ಎಂಬುದರ ಮೇಲೆ.

ಕೆಲಸದ ಸ್ಥಳದಿಂದ ಬರುವ ಅಸ್ತಮಾ ಸಾಮಾನ್ಯವಾಗಿ ರಜೆಯಲ್ಲಿ ಸುಧಾರಿಸುತ್ತದೆ, ಈ ಕಾಯಿಲೆಯ ಕೆಮ್ಮು ಮತ್ತು ಏದುಸಿರು ರಜೆಯಲ್ಲಿಯೂ ತಗ್ಗುವುದಿಲ್ಲ. ಊರಿಗೆ ಹೋಗಿ ಬಂದರೂ ಕಡಿಮೆಯಾಗಲಿಲ್ಲ ಎಂದು ನೀವು ಬರೆದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಎದೆಯ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆಯನ್ನು ಸೇದುವ ಔಷಧ ಕೊಡುವ ಮೊದಲು ಒಮ್ಮೆ, ಕೊಟ್ಟ ಮೇಲೆ ಒಮ್ಮೆ ಮಾಡಿಸಬೇಕು. ಔಷಧದ ನಂತರವೂ ಅಡಚಣೆ ಹಾಗೆಯೇ ಉಳಿದರೆ, ಉಸಿರು ಒಳಗೆಳೆದಾಗಲೂ ಹೊರಬಿಟ್ಟಾಗಲೂ ತೆಗೆಯುವ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ನಮ್ಮ ನಗರದಲ್ಲಿ ದೀರ್ಘಕಾಲದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆಯೂ ಆಗಲೇಬೇಕು. ಎಲ್ಲಕ್ಕಿಂತ ಮೊದಲು, ತಾನು ಕಾದ ಎಣ್ಣೆಗೆ ಎಸೆನ್ಸ್ ಸುರಿಯುವ ಕೆಲಸ ಮಾಡುತ್ತೇನೆ ಎಂದು ಹುಡುಗ ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಕೇಳದಿದ್ದರೆ ರೋಗಿ ಹೇಳುವುದಿಲ್ಲ, ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ನಮ್ಮವರು ಕೇಳುವುದೂ ಕಡಿಮೆ.

2016ರಲ್ಲಿ ನಿಯಾಶ್ ಸಂಸ್ಥೆ ಕೆಲಸದ ಸ್ಥಳದ ಗಾಳಿಯಲ್ಲಿ ಡೈಅಸಿಟೈಲ್ ಎಂಟು ಗಂಟೆಯ ಸರಾಸರಿಯಲ್ಲಿ 5 ಪಿಪಿಬಿ (ಅಂದರೆ ಗಾಳಿಯ ನೂರು ಕೋಟಿ ಭಾಗದಲ್ಲಿ 5 ಭಾಗ), ಹದಿನೈದು ನಿಮಿಷದ ಅವಧಿಯಲ್ಲಿ 25 ಪಿಪಿಬಿ ಮೀರಬಾರದೆಂದು ಶಿಫಾರಸು ಮಾಡಿತು. ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಪಾಪ್‌ಕಾರ್ನ್ ಮಾಡುವವರು ಈ ಲೆಕ್ಕ ಹಿಡಿದು ಭಯಪಡಬೇಕಿಲ್ಲ. 2007ರಲ್ಲಿ ಡೆನ್ವರಿನ ವೈದ್ಯರೊಬ್ಬರು ಗ್ರಾಹಕರೊಬ್ಬರಲ್ಲಿ ಇಂತಹ ಹಾನಿಯನ್ನು ಶಂಕಿಸಿ ಸರ್ಕಾರಕ್ಕೆ ಪತ್ರ ಬರೆದರು. ಆದರೆ ಆ ವ್ಯಕ್ತಿ ವರ್ಷಗಟ್ಟಲೆ ಪ್ರತಿದಿನ ಒಂದಕ್ಕಿಂತ ಹೆಚ್ಚು ಪೊಟ್ಟಣ ಮಾಡಿಕೊಂಡು, ತೆರೆದ ಪೊಟ್ಟಣದ ಹಬೆಯನ್ನು ಉಸಿರಾಡುತ್ತಿದ್ದವರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎರಡೂ ಉತ್ತರಗಳನ್ನು ಮಾವನಿಗೆ ಓದಿ ಹೇಳಿದೆ. ಅವರು ಒಂದು ಪ್ರಶ್ನೆ ಎತ್ತಿದರು, ಅದಕ್ಕೆ ಉತ್ತರಿಸಲು ನನಗೆ ಆಗಲಿಲ್ಲ: ಬೆಣ್ಣೆಯಲ್ಲಿ 4 ಪಿಪಿಎಂವರೆಗೆ ಇರಬಹುದು ಎನ್ನುತ್ತೀರಿ, ಗಾಳಿಯಲ್ಲಿ 5 ಪಿಪಿಬಿಗಿಂತ ಹೆಚ್ಚಿರಬಾರದು ಎನ್ನುತ್ತೀರಿ. ಪಿಪಿಎಂ ಎಂದರೆ ಪಿಪಿಬಿಯ ಸಾವಿರ ಪಟ್ಟು. ಹಾಗಾದರೆ ಬೆಣ್ಣೆ ತಿನ್ನುವುದೇ ನೂರಾರು ಪಟ್ಟು ಅಪಾಯಕರವಾಗಬೇಕಲ್ಲವೇ?

ಉತ್ತರ 1 ಬರೆದವರು

ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ಆಹಾರದ ಪಿಪಿಎಂ ತೂಕದ ಲೆಕ್ಕ, ಗಾಳಿಯ ಪಿಪಿಬಿ ಗಾತ್ರದ ಲೆಕ್ಕ, ಆದ್ದರಿಂದ ಅವೆರಡನ್ನು ನೇರವಾಗಿ ಹೋಲಿಸಲಾಗದು. ಎರಡನ್ನೂ ಮೈಕ್ರೋಗ್ರಾಂಗೆ ತಂದು ನೋಡೋಣ. 4 ಪಿಪಿಎಂ ಇರುವ ಬೆಣ್ಣೆಯನ್ನು 10 ಗ್ರಾಂ ತಿಂದರೆ ಹೊಟ್ಟೆಗೆ ಹೋಗುವುದು 40 ಮೈಕ್ರೋಗ್ರಾಂ. ಗಾಳಿಯಲ್ಲಿ 5 ಪಿಪಿಬಿ ಎಂದರೆ ಒಂದು ಘನಮೀಟರಿಗೆ ಸುಮಾರು 18 ಮೈಕ್ರೋಗ್ರಾಂ. ದುಡಿಯುವವನೊಬ್ಬ ಎಂಟು ಗಂಟೆಯಲ್ಲಿ ಸುಮಾರು 10 ಘನಮೀಟರ್ ಗಾಳಿ ಉಸಿರಾಡುತ್ತಾನೆಂದು ಹಿಡಿದರೆ 180 ಮೈಕ್ರೋಗ್ರಾಂ ಆಯಿತು. ಅಂದರೆ ಮಿತಿಯೊಳಗಿನ ಗಾಳಿಯಿಂದಲೂ ಒಳಹೋಗುವುದು ಒಂದು ಮುದ್ದೆ ಬೆಣ್ಣೆಯದಕ್ಕಿಂತ ಹೆಚ್ಚು.

ಆದರೂ ನಿರ್ಣಾಯಕವಾದದ್ದು ಈ ಮೊತ್ತವಲ್ಲ, ಹೋಗುವ ದಾರಿ. ಹೊಟ್ಟೆಯ ದಾರಿಯಲ್ಲಿ ಆಹಾರದೊಡನೆ ಬೆರೆತು, ಯಕೃತ್ತಿನ ಕಿಣ್ವಗಳ ಕೈಗೆ ಸಿಕ್ಕಿ ಅದು ಬೇರೆಯಾಗುತ್ತದೆ. ಉಸಿರಿನ ದಾರಿಯಲ್ಲಿ ಒಂದೇ ಪದರದ ಸೂಕ್ಷ್ಮ ಜೀವಕೋಶಗಳಿಗೆ ನೇರವಾಗಿ ತಗಲುತ್ತದೆ, ಅದೂ ಪ್ರತಿದಿನ, ಅದೇ ಜಾಗಕ್ಕೆ. ಕಾದ ಎಣ್ಣೆಯ ಪಾತ್ರೆಯ ಮೇಲೆ ಬಾಗಿದವನ ಮುಖದ ಬಳಿ ಗಾಳಿಯಲ್ಲಿ ಎಷ್ಟಿರುತ್ತದೆಂದು ಅಳೆಯದೆ ಹೇಳಲಾಗದು, ಆದರೆ ಬಾಗಿಲಲ್ಲಿ ನಿಂತವರ ಕಣ್ಣು ಉರಿಯುತ್ತದೆಂದರೆ ಅದು ಕಡಿಮೆಯೆಂದು ಭಾವಿಸಲು ಯಾವ ಕಾರಣವೂ ಇಲ್ಲ. ವಾಸನೆಯನ್ನು ಅಳತೆಗೋಲಾಗಿ ಹಿಡಿಯಲೂ ಬಾರದು, ದಿನವೂ ಅಲ್ಲಿರುವವನ ಮೂಗು ಬೇಗನೆ ಒಗ್ಗಿಬಿಡುತ್ತದೆ.

ಉತ್ತರ 3: ಪಿಂಪ್ರಿ-ಚಿಂಚವಡದಿಂದ, ಕಾರ್ಖಾನೆಯ ಸುರಕ್ಷತಾ ಅಧಿಕಾರಿ

ಮಾವನವರು ಏನು ಮಾಡಬೇಕೆಂಬುದನ್ನು ನಾನು ಬರೆಯುತ್ತೇನೆ. ಇದರಲ್ಲಿ ಬಹುಪಾಲು ಸಣ್ಣ ಬೇಕರಿಗೂ ಸಾಧ್ಯವಿರುವಂಥದು.

ಮೊದಲನೆಯದಾಗಿ, ಕಾದ ಎಣ್ಣೆಗೆ ಎಸೆನ್ಸ್ ಸುರಿಯುವುದನ್ನೇ ನಿಲ್ಲಿಸಬೇಕು. ಎಣ್ಣೆ ಕೋಣೆಯ ಉಷ್ಣತೆಯಲ್ಲಿರುವಾಗ ಎಸೆನ್ಸ್ ಬೆರೆಸಿ, ಮುಚ್ಚಳವಿರುವ ಪಾತ್ರೆಯಲ್ಲಿಟ್ಟು, ಅರಳಿದ ಪಾಪ್‌ಕಾರ್ನಿಗೆ ಕೊನೆಯಲ್ಲಿ ಲೇಪಿಸಬಹುದು. ಇದರಿಂದ ಪರಿಮಳವೂ ಹೆಚ್ಚು ಉಳಿಯುತ್ತದೆ, ಎಸೆನ್ಸೂ ಕಡಿಮೆ ಸಾಕಾಗುತ್ತದೆ. ವ್ಯಾಪಾರಿಗೆ ಈ ಮಾತು ಬೇಗ ರುಚಿಸುತ್ತದೆ. ಕುಕೀಸಿನ ಹಿಟ್ಟಿಗೆ ಎಸೆನ್ಸ್ ತಣ್ಣಗಿರುವಾಗಲೇ ಸೇರುವುದರಿಂದ ಅಲ್ಲಿ ತೊಂದರೆ ಕಡಿಮೆ, ಆದರೆ ಭಟ್ಟಿಯ ಬಾಗಿಲು ತೆರೆದಾಗ ಮುಖ ಒಡ್ಡಿ ನಿಲ್ಲಬಾರದು. ಕ್ಯಾನಿನ ಮುಚ್ಚಳ, ಅಳತೆಯ ಲೋಟ, ಚೆಲ್ಲಿದ್ದನ್ನು ಒರೆಸಿದ ಬಟ್ಟೆ, ಇವೆಲ್ಲ ದಿನವಿಡೀ ಆವಿ ಬಿಡುತ್ತಲೇ ಇರುತ್ತವೆ. ಒರೆಸಿದ ಬಟ್ಟೆಯನ್ನು ಮೂಲೆಯಲ್ಲಿ ಬಿಸಾಡದೆ ಮುಚ್ಚಿದ ಡಬ್ಬಿಗೆ ಹಾಕಬೇಕು.

ಎರಡನೆಯದು ಗಾಳಿ. ತಲೆಯ ಮೇಲೆ ತಿರುಗುವ ಫ್ಯಾನು ಆವಿಯನ್ನು ಕೋಣೆಯಲ್ಲೆಲ್ಲ ಹರಡುವುದೇ ಹೊರತು ಹೊರಹಾಕುವುದಿಲ್ಲ. ಬೆರೆಸುವ ಪಾತ್ರೆಯ ಆಚೆ ಬದಿಯಲ್ಲಿ ಎಕ್ಸಾಸ್ಟ್ ಕೂರಿಸಿದರೆ, ಆವಿ ಕೆಲಸಗಾರನ ಮುಖವನ್ನು ದಾಟದೆ ಅವನಿಂದ ದೂರಕ್ಕೆ ಎಳೆಯಲ್ಪಡುತ್ತದೆ. ಹೊರಹೋಗುವ ಗಾಳಿಯ ಬದಲಿಗೆ ಹೊಸ ಗಾಳಿ ಬರಲು ದಾರಿಯಿರಬೇಕು, ಕಿಟಕಿಯಿಲ್ಲದ ಕೋಣೆಯಲ್ಲಿ ಅದು ಆಗದ ಮಾತು. ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಕಟ್ಟಿಗೆ ಮತ್ತು ಕಲ್ಲಿದ್ದಲಿನ ಬೇಕರಿ ಭಟ್ಟಿಗಳನ್ನು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಯಿಸಲು ಆದೇಶಿಸಿದ್ದರಿಂದ ಅನೇಕರು ಗೋಡೆ ಒಡೆದು ಚಿಮಣಿ ಸರಿಪಡಿಸುವ ಕೆಲಸಕ್ಕೆ ಕೈಹಾಕಬೇಕಾಗಿ ಬಂದಿದೆ. ನಿಮ್ಮಲ್ಲೂ ಹಾಗಿದ್ದರೆ ಎಕ್ಸಾಸ್ಟಿನ ಕೆಲಸವನ್ನೂ ಅದರೊಡನೆಯೇ ಮುಗಿಸಿಕೊಳ್ಳಿ.

ಮುಖಗವಸಿನ ಬಗ್ಗೆ ತಪ್ಪು ನಂಬಿಕೆ ಬಹಳ ಇದೆ. ಬಟ್ಟೆಯ ಮಾಸ್ಕಾಗಲಿ ಎನ್-95 ಆಗಲಿ ಆವಿಯನ್ನು ತಡೆಯಲಾರವು, ಅವು ಕಣಗಳನ್ನಷ್ಟೇ ತಡೆಯುತ್ತವೆ. ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರೇ ಬೇಕು, ಪುಡಿ ಎಸೆನ್ಸ್ ಬಳಸುವುದಾದರೆ ಅದರೊಂದಿಗೆ ಕಣಗಳ ಫಿಲ್ಟರೂ ಇರಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಸಿ. ಡೈಅಸಿಟೈಲ್ ಬೇಗ ಹೊತ್ತಿಕೊಳ್ಳುವ ದ್ರವವೂ ಆಗಿರುವುದರಿಂದ ಎಸೆನ್ಸಿನ ಕ್ಯಾನುಗಳನ್ನು ಭಟ್ಟಿಯ ಹತ್ತಿರ ಇಡಬಾರದು.

ಸರಬರಾಜುದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅದರಲ್ಲಿ ಡೈಅಸಿಟೈಲ್ ಮತ್ತು 2,3-ಪೆಂಟೇನ್‌ಡೈಓನ್ ಎರಡರ ಹೆಸರನ್ನೂ ಹುಡುಕಿ. ಹೇಳಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರ ಉತ್ತರಗಳಿಂದ ಬಹಳ ಉಪಕಾರವಾಯಿತು. ಮಾವ ಬೆರೆಸುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ, ಹಿಂಬದಿಯ ಗೋಡೆಗೆ ಎಕ್ಸಾಸ್ಟ್ ಹಾಕಿಸಲು ಒಪ್ಪಿದ್ದಾರೆ. ಹುಡುಗ ಮಾತ್ರ ಪರೀಕ್ಷೆಗೆ ಬರಲು ಒಲ್ಲೆನೆನ್ನುತ್ತಿದ್ದಾನೆ. ಕಾಯಿಲೆಯೆಂದು ಗೊತ್ತಾದರೆ ಕೆಲಸ ಹೋಗುತ್ತದೆ, ಊರಿಗೆ ದುಡ್ಡು ಕಳಿಸುವುದು ನಿಲ್ಲುತ್ತದೆ ಎಂಬ ಭಯ ಅವನಿಗೆ.

ಉತ್ತರ 2 ಬರೆದವರು

ಆ ಭಯ ಸಹಜವಾದದ್ದು, ಅದನ್ನು ಹೋಗಲಾಡಿಸುವುದು ನಿಮ್ಮ ಮಾವನವರಿಂದ ಮಾತ್ರ ಸಾಧ್ಯ. ಪರೀಕ್ಷೆಯ ದಿನಗಳ ಸಂಬಳ ಕಡಿತವಾಗುವುದಿಲ್ಲ, ಫಲಿತಾಂಶ ಏನೇ ಬಂದರೂ ಪ್ಯಾಕಿಂಗ್ ಅಥವಾ ಗಲ್ಲಾದ ಕಡೆಗೆ ಅದೇ ಸಂಬಳದ ಕೆಲಸವಿದೆ ಎಂದು ಅವರೇ ಅವನನ್ನು ಕೂರಿಸಿಕೊಂಡು ಹೇಳಲಿ, ಸಾಧ್ಯವಾದರೆ ಆಸ್ಪತ್ರೆಗೂ ಜೊತೆಯಲ್ಲಿ ಬರಲಿ. ಬೇಕರಿ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅವನ ಹೆಸರು ನೋಂದಣಿಯಾಗಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಇಲ್ಲದಿದ್ದರೆ ಮುನ್ಸಿಪಲ್ ಆಸ್ಪತ್ರೆಗಳ ಎದೆರೋಗ ವಿಭಾಗಕ್ಕೆ ಕರೆದೊಯ್ಯಿರಿ, ದೊಡ್ಡ ಆಸ್ಪತ್ರೆಗಳಲ್ಲಿ ಊದುವ ಪರೀಕ್ಷೆಯ ಸೌಲಭ್ಯವಿದೆ.

ಎಕ್ಸಾಸ್ಟ್ ಹಾಕಿಸಿದ ಮೇಲೆ ಆ ಜಾಗಕ್ಕೆ ಹೊಸಬರನ್ನು ನೇಮಿಸುವ ಮುನ್ನ ಅವರಿಗೂ ಒಂದು ಸ್ಪೈರೋಮೆಟ್ರಿ ಮಾಡಿಸಿ, ವರದಿಯ ಒಂದು ಪ್ರತಿಯನ್ನು ಅವರ ಕೈಗೇ ಕೊಡಿ. ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಿಸಿದಾಗ ಅಂಕಿ ಇಳಿಯುತ್ತಿದೆಯೇ ಎಂದು ತಿಳಿಯಲು ಮೊದಲ ದಿನದ ಆ ವರದಿ ಇರಲೇಬೇಕು.